ಫಿನಾಯಿಲ್ ಅಂದರೆ ನಗುವುದೇಕೆ?

ಹೋದ ಚಳಿಗಾಲ ಪುಣೆಯ ಕನ್ನಡಿಗ ಗೆಳೆಯರೊಬ್ಬರ ಮನೆಯಲ್ಲಿ ವಿಸ್ಕಿ ಸವಿಯುವ ಕೂಟವಿತ್ತು. ನಾಲ್ಕು ಬಾಟಲಿ, ನಾಲ್ಕೂ ಪೀಟ್ ಹೊಗೆಯ ಸಿಂಗಲ್ ಮಾಲ್ಟ್. ಪ್ರತಿಯೊಬ್ಬರ ಮುಂದೆ ಬಾಯಿ ಕಿರಿದಾದ ಗ್ಲಾಸು, ಪಕ್ಕದಲ್ಲಿ ಒಂದು ಕಾರ್ಡು. ಕಾರ್ಡಿನಲ್ಲಿ ಅಯೋಡಿನ್, ಕಡಲಪಾಚಿ, ಹೆದರ್ ಹೂವು, ಸಮುದ್ರದಂಡೆಯ ಬೆಂಕಿ. ನಾವೆಲ್ಲ ಮೂಸಿ, ಕಾರ್ಡು ನೋಡಿ, ತಲೆದೂಗಿದೆವು. ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು ಮಾತ್ರ ಕಾರ್ಡನ್ನು ಮುಟ್ಟದೆ, ಲಾಫ್ರಾಯ್ಗ್ ಮೂಸಿ, "ಇದು ಕಪ್ಪು ಫಿನಾಯಿಲ್ ಕಣ್ರೀ" ಅಂದರು. ಕೋಣೆಯೆಲ್ಲ ಗೊಳ್ಳೆಂದಿತು. "ಅದನ್ನ ಮೆಡಿಸಿನಲ್ ಅನ್ನಬೇಕು ಸಾರ್" ಎಂದು ಮನೆಯವರು ತಿದ್ದಿದರು. ಹಿರಿಯರು ಆಮೇಲೆ ಏನೂ ಹೇಳಲಿಲ್ಲ. ನಕ್ಕವರಲ್ಲಿ ನಾನೂ ಒಬ್ಬ.

ಆ ಹೊತ್ತು ಸರಿಯಾಗಿ ಮೂಸಿದವರು ಅವರೊಬ್ಬರೇ ಎಂದು ಈಗ ವಾದಿಸಲು ಕೂತಿದ್ದೇನೆ.

ಪೀಟ್ ಎಂದರೆ ಜೌಗುನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಒತ್ತಿಕೊಂಡ ಪಾಚಿ, ಹುಲ್ಲು, ಗಿಡಗಂಟಿ. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಮರ ಕಡಿಮೆ. ಜನ ಅದನ್ನೇ ಅಗೆದು ಒಣಗಿಸಿ ಉರಿಸಿದರು. ಮೊಳಕೆ ಬಂದ ಬಾರ್ಲಿಯನ್ನು ಒಣಗಿಸುವುದಕ್ಕೂ ಅದೇ ಬೆಂಕಿ. ಆ ಹೊಗೆಯ ಫೀನಾಲ್‌ಗಳು ಕಾಳಿಗೆ ಅಂಟಿಕೊಂಡು, ಬಟ್ಟಿ ಇಳಿಸಿದ ಮೇಲೂ ಒಂದಷ್ಟು ಉಳಿಯುತ್ತವೆ. ಅವುಗಳಲ್ಲಿ ಗ್ವಾಯಕಾಲ್ ಎಂಬುದು ಸೌದೆ ಹೊಗೆಯ ವಾಸನೆ ಕೊಡುತ್ತದೆ. ಕ್ರೆಸಾಲ್ ಎಂಬುದು ಆಸ್ಪತ್ರೆಯ ವಾಸನೆ ಕೊಡುತ್ತದೆ. ಕಲ್ಲಿದ್ದಲ ಟಾರಿನಿಂದ ಮಾಡುವ ಕಪ್ಪು ಫಿನಾಯಿಲ್‌ನಲ್ಲಿ ಇರುವುದೂ ಈ ಕ್ರೆಸಾಲ್ ಮತ್ತು ಅದರ ಬಳಗವೇ. ಹಳೆಯ ಕೆಂಪು ಕಾರ್ಬಾಲಿಕ್ ಸೋಪಿನ ವಾಸನೆಯೂ ಫೀನಾಲಿನದೇ. ಹಿರಿಯರು ಹೇಳಿದ್ದು ತಮಾಷೆಯಲ್ಲ, ರಸಾಯನಶಾಸ್ತ್ರ. ಕಾರ್ಡು ಹೇಳಿದ ಅಯೋಡಿನ್ ಬರೀ ಹೋಲಿಕೆ.

ಐಲಾದವರು ಕಡಲಪಾಚಿ ಅಂದರೆ ನನ್ನ ತಕರಾರಿಲ್ಲ. ಅದು ಅವರ ಮನೆಬಾಗಿಲಲ್ಲಿ ಬಿದ್ದಿರುವ ವಸ್ತು. ಕಡಲಪಾಚಿಯನ್ನು ಒಮ್ಮೆಯೂ ಮೂಸದ ನಾವು ಅದೇ ಮಾತನ್ನು ಒಪ್ಪಿಸಿದರೆ ಅದು ರುಚಿ ನೋಡುವುದಲ್ಲ, ಪಾಠ ಒಪ್ಪಿಸುವುದು. ಕಾನ್ವೆಂಟಿನಲ್ಲಿ ಡ್ಯಾಫೊಡಿಲ್ ಪದ್ಯ ಉರು ಹೊಡೆದ ಹಾಗೆ.

ಕಾರ್ಡು ಬಿಟ್ಟವರು ಸಂಖ್ಯೆಯ ಹಿಂದೆ ಅಡಗುತ್ತಾರೆ. "ಇದು ಐವತ್ತೈದು ಪಿಪಿಎಂ, ಅದು ಬರೀ ಮೂವತ್ತೈದು" ಎಂದು ಹೊಗೆಯನ್ನು ಪರೀಕ್ಷೆಯ ಅಂಕದಂತೆ ಹೋಲಿಸುತ್ತಾರೆ. ಆ ಸಂಖ್ಯೆಯನ್ನು ಸಾಮಾನ್ಯವಾಗಿ ಅಳೆಯುವುದು ಒಣಗಿದ ಬಾರ್ಲಿಯಲ್ಲಿ, ಬಾಟಲಿಯಲ್ಲಲ್ಲ. ಬಾಟಲಿ ಮುಟ್ಟುವಷ್ಟರಲ್ಲಿ ಅದರ ದೊಡ್ಡ ಪಾಲು ಕಳೆದಿರುತ್ತದೆ. ಐಲಾದ ಲಾಗವೂಲಿನ್ ಮತ್ತು ಕಲೀಲಾ ಎರಡಕ್ಕೂ ಬಾರ್ಲಿ ಬರುವುದು ಪೋರ್ಟ್ ಎಲೆನ್‌ನ ಒಂದೇ ಕಾರ್ಖಾನೆಯಿಂದ. ಹೊಗೆಯ ಮಟ್ಟವೂ ಹೆಚ್ಚುಕಡಿಮೆ ಒಂದೇ. ಆದರೂ ಒಂದು ದಪ್ಪ, ಇನ್ನೊಂದು ಹಗುರ. ಬಟ್ಟಿಪಾತ್ರೆಯ ಆಕಾರ, ಇಳಿಸುವ ನಿಧಾನ, ಇಳಿದು ಬರುವುದನ್ನು ಎಲ್ಲಿ ಕತ್ತರಿಸಿ ಸಾಕು ಮಾಡುತ್ತಾರೆ ಎಂಬುದು, ಇವೆಲ್ಲ ಸೇರಿ ಆ ವ್ಯತ್ಯಾಸ. ಭಾರದ ಫೀನಾಲ್‌ಗಳು ಬರುವುದು ಕೊನೆಕೊನೆಗೆ. ತಡವಾಗಿ ಕತ್ತರಿಸಿದರೆ ಫಿನಾಯಿಲ್ ಹೆಚ್ಚು. ಇದನ್ನು ಮೂಗು ಹೇಳಬೇಕು, ಸಂಖ್ಯೆ ಹೇಳುವುದಿಲ್ಲ.

ಮೂಗಿನ ಮಾತಿಗೆ ಕನ್ನಡದಲ್ಲಿ ಪದಗಳಿಲ್ಲವೇ? ಒಗ್ಗರಣೆಯ ಮೆಣಸಿನಕಾಯಿ ಕೆಮ್ಮಿಸಿದರೆ ಘಾಟು. ಹಾಲು ತಳ ಹಿಡಿದರೆ ಸೀದ ವಾಸನೆ. ಸೌದೆ ಒಲೆಯ ಮೇಲೆ ಕಾದ ನೀರಿಗೆ ಹೊಗೆವಾಸನೆ. ಮಳೆಗಾಲದ ಒಣಗದ ಬಟ್ಟೆಗೆ ಮುಗ್ಗು. ಹಳೆಯ ಕೊಬ್ಬರಿಗೆ ಕಮಟು. ಎಳೆ ಅಡಿಕೆ, ನೇರಳೆ ನಾಲಿಗೆ ಹಿಡಿದರೆ ಒಗರು. ಇವು ಅಲಂಕಾರದ ಮಾತುಗಳಲ್ಲ. ಅಡುಗೆಮನೆಯಲ್ಲಿ ಯಾವುದನ್ನು ಉಣ್ಣಬೇಕು, ಯಾವುದನ್ನು ಚೆಲ್ಲಬೇಕು ಎಂದು ತೀರ್ಮಾನಿಸುವ ಮಾತುಗಳು. ಇಂಗ್ಲಿಷಿನವರು "ಸ್ಮೋಕಿ" ಎಂದು ಒಂದೇ ಚೀಲಕ್ಕೆ ತುಂಬಿದ್ದನ್ನು ನಮ್ಮ ಘಾಟು, ಸೀದದ್ದು, ಹೊಗೆ ಮೂರಾಗಿ ಬಿಡಿಸುತ್ತವೆ.

ಇಲ್ಲೊಂದು ಎಚ್ಚರಿಕೆ. ಕಡಲಪಾಚಿಯ ಜಾಗದಲ್ಲಿ "ಅಜ್ಜಿಮನೆಯ ಬಚ್ಚಲೊಲೆ" ಎಂದು ಬರೆದುಬಿಟ್ಟರೆ ಕನ್ನಡ ಉದ್ಧಾರವಾಗಲಿಲ್ಲ. ಪರವೂರಿನಲ್ಲಿರುವ ನಮಗೆ ಆ ಚಪಲ ಜಾಸ್ತಿ. ಎರಡು ಪೆಗ್ ಇಳಿದರೆ ಸಾಕು, ಎಲ್ಲ ಹೊಗೆಯೂ ಅಜ್ಜಿಯ ಒಲೆಯದೇ. ಎಲ್ಲ ಗ್ಲಾಸಿಗೂ ಒಪ್ಪುವ ಮಾತು ಯಾವ ಗ್ಲಾಸಿನ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ನನ್ನ ಅಳತೆಗೋಲು ಇಷ್ಟೇ: ಆ ಪದ ಈ ಗ್ಲಾಸನ್ನು ಪಕ್ಕದ ಗ್ಲಾಸಿನಿಂದ ಬೇರೆ ಮಾಡಿತೇ? ಮಾಡಿದರೆ ಇರಲಿ, ಯಾವ ಭಾಷೆಯದಾದರೂ ಸರಿ.

"ಎಲ್ಲರಿಗೂ ಗೊತ್ತಿರುವ ಸಮಾನ ಪದಗಳು ಬೇಡವೇ" ಎಂದು ಕೇಳುವವರಿದ್ದಾರೆ. ಬೇಕು. ಆ ಕೋಣೆಯಲ್ಲಿದ್ದ ಹತ್ತು ಮಂದಿಗೂ ಗೊತ್ತಿದ್ದ ವಾಸನೆ ಫಿನಾಯಿಲ್ ಒಂದೇ ಆಗಿತ್ತಲ್ಲ!

ಈ ಹಂಗು ನಮಗೆ ಇನ್ನೂ ಒಪ್ಪುವುದಿಲ್ಲ, ಯಾಕೆಂದರೆ ಬೆಂಗಳೂರಿನ ಅಮೃತ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಗ್ಲಾಸ್ಗೋದಲ್ಲೇ ಮಾರಲು ಇಟ್ಟಿತು. ಅದರ ಫ್ಯೂಷನ್‌ನಲ್ಲಿ ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಪೀಟ್ ಬಾರ್ಲಿಯಿದೆ. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2 ಆವಿಯಾದರೆ ಬೆಂಗಳೂರಿನಲ್ಲಿ ಶೇ. 10ಕ್ಕೂ ಹೆಚ್ಚು. ಹೊಗೆ ಅಲ್ಲಿಯದು, ಮಾಗಿದ್ದು ನಮ್ಮ ಬಿಸಿಲಿನಲ್ಲಿ. ಅದನ್ನೂ ಕಡಲಪಾಚಿಯ ಕಾರ್ಡಿನಿಂದಲೇ ಅಳೆಯುತ್ತೇವೆ, ಬೆಂಗಳೂರಿಗೆ ಕಡಲೇ ಇಲ್ಲದಿದ್ದರೂ.

ಮುಂದಿನ ಕೂಟ ನಮ್ಮ ಮನೆಯಲ್ಲಿ. ಕಾರ್ಡು ಇರುವುದಿಲ್ಲ, ಬಾಟಲಿಗಳಿಗೆ ಕಾಗದ ಸುತ್ತಿರುತ್ತೇನೆ. ಒಂದು ಲೋಟ ನೀರು, ಒಂದು ಚಮಚ; ಮೊದಲು ಹಾಗೇ ಮೂಸಿ, ಆಮೇಲೆ ನಾಲ್ಕು ಹನಿ ಬೆರೆಸಿ ಮತ್ತೆ ಮೂಸುವುದು. ಹಿರಿಯರಿಗೆ ಫೋನು ಮಾಡಿ ಕರೆದಿದ್ದೇನೆ. "ನಾನು ಬಂದು ಏನು ಮಾಡ್ಲಿ, ನಂಗೆ ಅದೆಲ್ಲ ತಿಳಿಯೋದಿಲ್ಲ ಮಾರಾಯ್ರೇ" ಅಂದರು. ಆ ಮಾತನ್ನು ಅವರ ಬಾಯಲ್ಲಿ ಹಾಕಿದವರು ನಾವು. ಮೊದಲ ಗ್ಲಾಸು ಅವರದೇ.