ಹೃದಯದ ಚೀಲದಲ್ಲಿ ರಕ್ತ ನಿಂತಾಗ

ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ಅವಳ ತಂದೆಗೆ ಎದೆಬಡಿತದ ಲಯ ತಪ್ಪುವ ತೊಂದರೆ. ಕ್ಯಾತಿಟರ್ ಚಿಕಿತ್ಸೆಗೆ ದಿನ ಗೊತ್ತಾಗಿದೆ. ಒಪ್ಪಿಗೆ ಪತ್ರದಲ್ಲಿ ‘ಹೃದಯದಲ್ಲಿ ರಂಧ್ರವಾಗುವ ಅಪರೂಪದ ಸಂಭವ’ ಎಂಬ ಸಾಲು ಓದಿ ಹುಡುಗಿ ಕಂಗಾಲಾಗಿದ್ದಳು. “ಹಾಗಾದರೆ ಏನು ಮಾಡ್ತಾರೆ ಸಾರ್?”

ಹೃದಯವನ್ನು ಬಡಿಸುವುದು ಸೂಕ್ಷ್ಮ ವಿದ್ಯುತ್ ಸಂಕೇತ. ಅದು ಅಡ್ಡದಾರಿ ಹಿಡಿದರೆ ಲಯ ಕೆಡುತ್ತದೆ. ತೊಡೆಸಂದಿನ ಅಭಿಧಮನಿಯಿಂದ ತೆಳ್ಳನೆಯ ಕೊಳವೆ ತೂರಿಸಿ, ಆ ದಾರಿಯನ್ನು ಶಾಖದಿಂದ ಸುಟ್ಟು ಮುಚ್ಚುತ್ತಾರೆ. ಹೃತ್ಕರ್ಣದ ಗೋಡೆ ಕೆಲವೆಡೆ ಎರಡು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಹೃತ್ಕರ್ಣ ಕಂಪನದ ಚಿಕಿತ್ಸೆಯಲ್ಲಿ ಸುಮಾರು 100ಕ್ಕೆ ಒಬ್ಬರಿಗೆ ಅಲ್ಲಿಂದ ರಕ್ತ ಸೋರುವುದುಂಟು.

ಸೋರಿದ ರಕ್ತ ಹೃದಯವನ್ನು ಸುತ್ತಿದ ಚೀಲದಲ್ಲಿ ನಿಲ್ಲುತ್ತದೆ. ಅಪಾಯ ಇರುವುದು ಇಲ್ಲಿ. ಮಕ್ಕಳೇ, ಬಿಗಿಯಾದ ಬಟ್ಟೆಚೀಲದೊಳಗೆ ಎರಡು ಬಲೂನು ಇಟ್ಟು ನೋಡಿ. ಒಂದನ್ನು ಊದಿದರೆ ಇನ್ನೊಂದು ಅರಳುವುದಿಲ್ಲ. ಹೃದಯವೂ ಹಾಗೆಯೇ; ಅರಳದಿದ್ದರೆ ತುಂಬುವುದಿಲ್ಲ, ತುಂಬದಿದ್ದರೆ ಪಂಪು ಮಾಡುವುದೇನನ್ನು? ತಿಂಗಳುಗಟ್ಟಲೆ ನಿಧಾನವಾಗಿ ದ್ರವ ಸೇರಿದರೆ ಚೀಲ ಹಿಗ್ಗಿ ಒಂದು ಲೀಟರನ್ನೂ ತಡೆದೀತು. ನಿಮಿಷಗಳಲ್ಲಿ ನುಗ್ಗಿದರೆ ಒಂದು ಲೋಟದಷ್ಟೇ ಸಾಕು, ರಕ್ತದೊತ್ತಡ ಕುಸಿಯುತ್ತದೆ.

ಒತ್ತಡ ಇಳಿದ ಕೂಡಲೇ ವೈದ್ಯರು ಎಕೋ ಯಂತ್ರ ಹಿಡಿಯುತ್ತಾರೆ. ಹೃದಯದ ಸುತ್ತ ಕಪ್ಪು ಪಟ್ಟಿ ಕಂಡರೆ ಎದೆಮೂಳೆಯ ಕೆಳಗಿನಿಂದ ಸೂಜಿ ಚುಚ್ಚಿ, ಅದರ ಜಾಡಿನಲ್ಲಿ ಕೊಳವೆ ಇಳಿಸಿ ರಕ್ತವನ್ನು ಹೊರಗೆಳೆಯುತ್ತಾರೆ. ಸ್ವಲ್ಪ ತೆಗೆದರೂ ಒತ್ತಡ ಬೇಗನೆ ಏರುತ್ತದೆ. ತೆಗೆದ ರಕ್ತವನ್ನು ಕೆಲವೊಮ್ಮೆ ರೋಗಿಯ ಅಭಿಧಮನಿಗೇ ಮರಳಿ ಕೊಡುವುದೂ ಉಂಟು.

ಇನ್ನೊಂದು ತೊಡಕು. ಕೊಳವೆಯ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ಮೊದಲೇ ಹೆಪಾರಿನ್ ಕೊಟ್ಟಿರುತ್ತಾರೆ. ಆದ್ದರಿಂದ ಸೋರಿಕೆ ತಾನಾಗಿ ನಿಲ್ಲದು. ಅದನ್ನು ತಟಸ್ಥಗೊಳಿಸುವ ಔಷಧ ಪ್ರೋಟಮೀನ್. ಇದನ್ನು 1874ರಲ್ಲಿ ಫ್ರೆಡ್ರಿಕ್ ಮೀಶರ್ ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯದಲ್ಲಿ ಕಂಡುಹಿಡಿದ. ಡಿ.ಎನ್.ಎ.ಯನ್ನು ಮೊದಲು ಬೇರ್ಪಡಿಸಿದ ಪುಣ್ಯಾತ್ಮನೂ ಈತನೇ! ಮೀನಿನ ಅಲರ್ಜಿ ಇದ್ದವರು ಮುಂಚೆಯೇ ತಿಳಿಸಬೇಕಾದದ್ದು ಇದಕ್ಕಾಗಿ.

ಇಷ್ಟಕ್ಕೂ ನಿಲ್ಲದಿದ್ದರೆ ಎದೆ ತೆರೆದು ಹೊಲಿಯಬೇಕು. ಆದಕಾರಣ ಹೃದಯ ಶಸ್ತ್ರವೈದ್ಯರು ಹತ್ತಿರದಲ್ಲೇ ಇರುತ್ತಾರೆಯೇ ಎಂದು ಕೇಳಲು ಹೇಳಿದೆ. ಸೋರಿಕೆ ಕೆಲವರಿಗೆ ಮನೆಗೆ ಬಂದ ಮೇಲೂ ಕಾಣಿಸಬಹುದು. ತಲೆಸುತ್ತು, ಉಬ್ಬಸ, ಎದೆನೋವು ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಬೇಕು. ಇದನ್ನೂ ಬರೆದುಕೊಂಡಳು.

ಬಾಗಿಲ ಬಳಿ ತಿರುಗಿ ನಿಂತು ಹೇಳಿದಳು: “ಮೀನಿನ ವಿಷಯ ಮಾತ್ರ ಅಪ್ಪನಿಗೆ ಹೇಳಬೇಡಿ ಸಾರ್. ಅವರು ಮೊಟ್ಟೆಯನ್ನೂ ಮುಟ್ಟೋರಲ್ಲ.”