ಹಮಾಮ್ ಅಂದ್ರೆ ಬರೀ ಸೋಪಲ್ಲ

ಇಸ್ತಾಂಬುಲ್‌ನ ಟರ್ಕಿಶ್ ಸ್ನಾನದ ರೀಲ್ಸ್ ನೋಡಿ ನಾವೆಲ್ಲ ಬಾಯಿ ಬಿಡ್ತೀವಿ. ಬಿಸಿ ಕಲ್ಲು, ಹಬೆ, ಮೈತುಂಬ ನೊರೆ. ನಮ್ಮ ಕಡೆ ಹಮಾಮ್ ಅಂದ್ರೆ ಸೋಪು, ಅಷ್ಟೇ! ಆದರೆ ವನದುರ್ಗದಿಂದ ಹೊರಟು ಕಲಬುರಗಿ ದಾಟಿದ್ರೆ ಬೀದರ್ ಕೋಟೆಯೊಳಗೇ ಶಾಹಿ ಹಮಾಮ್ ಇದೆ. ರಜೆಯಲ್ಲಿ ಹೋಗಿದ್ವಿ. ಈಗದು ಮ್ಯೂಸಿಯಂ. ಬಂದವರು ಒಳಗಿನ ಶಿಲ್ಪಗಳನ್ನ ನೋಡ್ತಾರೆ, ಸೆಲ್ಫಿ ತಗೋತಾರೆ, ಹೋಗ್ತಾರೆ.

ನಮ್ಮ ತಕರಾರು ಇಷ್ಟೇ: ಆ ಕಟ್ಟಡವೇ ಒಂದು ಯಂತ್ರ ಅಂತ ಯಾರಿಗೂ ಅನ್ನಿಸೋದಿಲ್ಲ. ಹಮಾಮಿನಲ್ಲಿ ಬೆಂಕಿ ಒಂದು ಕಡೆ, ಸ್ನಾನ ಇನ್ನೊಂದು ಕಡೆ. ಬಿಸಿಗಾಳಿ ನೆಲದ ಕೆಳಗೆ ಹಾಯ್ದು ಕಲ್ಲನ್ನ ಕಾಯಿಸ್ತದೆ. ತಂಪು, ಬೆಚ್ಚಗೆ, ಬಿಸಿ ಅಂತ ಕೋಣೆಗಳು ಸಾಲಾಗಿರ್ತವೆ. ನಾವು ಹೀಟ್ ಟ್ರಾನ್ಸ್‌ಫರ್‌ನಲ್ಲಿ ಬಾಯಿಪಾಠ ಮಾಡೋ ಕಂಡಕ್ಷನ್, ಕನ್ವೆಕ್ಷನ್, ರೇಡಿಯೇಷನ್ ಮೂರೂ ಅಲ್ಲೇ ಸಿಗ್ತವೆ. ವನದುರ್ಗದ ಅಜ್ಜಿಗೆ ಇದೇನು ಹೊಸದಲ್ಲ ಬಿಡ್ರಿ. ಉರಿ ಆರಿದ ಮೇಲೂ ಹಂಡೆ ನೀರು ಯಾಕೆ ಬಿಸಿ ಇರ್ತದೆ ಅಂತ ಆಕೆಗೆ ಗೊತ್ತು. ಬೀದರಿನ ನೌಬಾದ್‌ನಲ್ಲಿ ನೆಲದಡಿ ನೀರು ಹರಿಸೋ ಕರೇಜ್ ಸುರಂಗವೂ ಇದೆ. ಅದನ್ನೂ ನೋಡ್ಕೊಂಡೇ ಬರ್ರಿ.

ಈ ಸಲದ ಟೆಕ್ ಫೆಸ್ಟ್‌ಗೆ ಮತ್ತೊಂದು ಲೈನ್ ಫಾಲೋವರ್ ರೋಬೋ ಬೇಡ. ಒಂದು ಹಮಾಮಿನ ಮಾದರಿ ಕಟ್ಟೋಣ, ಬೆಂಕಿ ಹಚ್ಚಿ ತಾಪಮಾನ ಅಳೆಯೋಣ. ಸಿವಿಲ್‌ನವರು, ಮೆಕ್ಯಾನಿಕಲ್‌ನವರು ಕೈ ಎತ್ರಿ.