ಅನುದಾನಕ್ಕೆ ‘ದಯಮಾಡಿ’ ಸಾಲದು

‘ಶಾಲೆ ದುಸ್ಥಿತಿಯಲ್ಲಿದೆ, ದಯಮಾಡಿ ಅನುದಾನ ಮಂಜೂರು ಮಾಡಿ’. ಸರ್ಕಾರಿ ಶಾಲೆಗಳಿಂದ ಹೊರಡುವ ಎಷ್ಟೋ ಅರ್ಜಿಗಳಲ್ಲಿ ಇದಕ್ಕಿಂತ ಹೆಚ್ಚು ವಿಷಯ ಇರೋದಿಲ್ಲ. ಏನು ಕೆಟ್ಟಿದೆ, ಎಷ್ಟು ಮಕ್ಕಳಿಗೆ ತೊಂದರೆ, ಖರ್ಚೆಷ್ಟು? ಊಹೂಂ! ಇಂಥ ಚೀಟಿ ನೋಡಿ ಕಿರಾಣಿ ಅಂಗಡಿಯವನೂ ಸಾಮಾನು ಕಟ್ಟಲಾರ.

2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಮು ಸ್ಪಷ್ಟವಾಗಿದೆ: ಶಾಲಾ ಸಮಿತಿ ತಯಾರಿಸುವ ಅಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರ. ಆ ಸಮಿತಿಯಲ್ಲಿ ಮುಕ್ಕಾಲು ಪಾಲಾದರೂ ಮಕ್ಕಳ ತಂದೆತಾಯಿ, ಪೋಷಕರೇ ಇರಬೇಕು. ಆದರೆ ಹೋದ ವರ್ಷದ ಹಾಳೆಗೆ ಹೊಸ ತಾರೀಖು ಬರೆದು, ಮೇಷ್ಟ್ರು ತೋರಿಸಿದ ಕಡೆ ರುಜು ಹಾಕಿ ಎದ್ದು ಬರೋ ಸಮಿತಿಗಳೂ ಉಂಟು. (ಚಹಾ ಮಾತ್ರ ಪ್ರತಿ ಸಭೆಗೂ ಹೊಸದು!)

ಅದರ ಬದಲು, ‘ಹುಡುಗಿಯರು 60, ಶೌಚಾಲಯ ಒಂದು, ಅದಕ್ಕೂ ನೀರಿಲ್ಲ, ಇಂಜಿನಿಯರರ ಅಂದಾಜು ಪಟ್ಟಿ ಲಗತ್ತಿಸಿದೆ, ಕಟ್ಟಿದ ಮೇಲೆ ತೊಳೆಸುವ ಹೊಣೆ ಸಮಿತಿಯದು’ ಅಂತ ಬರೆದು ನೋಡಲಿ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಶಿಕ್ಷಣವೂ ಆ ಪಟ್ಟಿಯಲ್ಲಿದೆ. ಅಲ್ಲಿಯೂ ಕೇಳೋದು ಇದೇ ಲೆಕ್ಕವನ್ನು. ದಿನಾ ಲೆಕ್ಕ ಬರೆಯೋ ವ್ಯಾಪಾರಿ ಪೋಷಕರು ಸಮಿತಿಯ ಮುಂದಿನ ಸಭೆಗಾದರೂ ಒಂದು ತಾಸು ಬಾಗಿಲೆಳೆದು ಹೋಗಲಿ.